ರೋಣದ ಬಸ್ಸು, ಕಿಟಕಿ ಸೀಟು ಮತ್ತು ಒಂದು ಕಥೆ

ನನ್ನ ಆಫೀಸ್ ಕ್ಯಾಲೆಂಡರಿನಲ್ಲಿ ಯಾರೂ ಮೀಟಿಂಗ್ ಹಾಕಲಾಗದ ಜಾಗ ಒಂದೇ ಒಂದಿದೆ. ಅದು ಗಜೇಂದ್ರಗಡಕ್ಕೂ ನರಗುಂದಕ್ಕೂ ನಡುವೆ ಇರೋ ಬಸ್ ದಾರಿ.

ಸ್ವಲ್ಪ ಬಿಡಿಸಿ ಹೇಳ್ತೀನಿ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಕೋಡ್ ಬರೆಯುವವನು. ಹೆಂಡತಿಗೆ ನರಗುಂದದಲ್ಲಿ ಬ್ಯಾಂಕ್ ಕೆಲಸ. ಹಾಗಾಗಿ ತಿಂಗಳಲ್ಲಿ ಮೂರು ವಾರ ನನ್ನ ಆಫೀಸ್ ಅಂದರೆ ನರಗುಂದದ ಬಾಡಿಗೆ ಮನೆಯ ಊಟದ ಟೇಬಲ್ಲು. ಅಪ್ಪ, ಅವ್ವ ಇರೋದು ಗಜೇಂದ್ರಗಡದಲ್ಲಿ. ಶನಿವಾರ ಬೆಳಗ್ಗೆ ಅಲ್ಲಿಗೆ ಹೋಗ್ತೀನಿ, ರವಿವಾರ ಸಂಜೆ ವಾಪಸ್ ಬರ್ತೀನಿ. ನಡುವೆ ರೋಣದಲ್ಲಿ ಬಸ್ ಬದಲಿಸಬೇಕು. ಕಾಯುವುದೂ ಸೇರಿ ಒಂದು ಕಡೆಗೆ ಮೂರು ತಾಸು ಹಿಡಿಯುತ್ತೆ. ಅಂದರೆ ವಾರಕ್ಕೆ ಆರು ತಾಸು. ವರ್ಷಕ್ಕೆ ನಲವತ್ತು ವಾರ ಅಂತ ಹಿಡಿದರೂ 240 ತಾಸಾಯ್ತು. ದಿನಕ್ಕೆ ಎಂಟು ತಾಸಿನ ಲೆಕ್ಕದಲ್ಲಿ ಪೂರಾ ಮೂವತ್ತು ದಿನದ ಕೆಲಸ!

"ಕಾರ್ ತಗೋಬಾರದಾ? ಅರ್ಧ ಟೈಮ್ ಉಳಿಯುತ್ತೆ" ಅಂತ ಗೆಳೆಯರು ಹೇಳ್ತಾನೇ ಇರ್ತಾರೆ. ಉಳಿಸಿದ ಟೈಮಲ್ಲಿ ಏನು ಮಾಡಲಿ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ. ನನ್ನ ಹತ್ತಿರ ಇದೆ. ಕಳೆದ ಎರಡು ವರ್ಷದಲ್ಲಿ ನಾನು ಒಂಬತ್ತು ಸಣ್ಣ ಕಥೆ ಬರೆದಿದ್ದೀನಿ. ಒಂಬತ್ತೂ ಹುಟ್ಟಿದ್ದು ಬಸ್ಸಿನಲ್ಲೇ. ಮನೆಯ ಟೇಬಲ್ಲಿನ ಮುಂದೆ ಲ್ಯಾಪ್‌ಟಾಪ್ ತೆರೆದು "ಈಗ ಕಥೆ ಬರೀತೀನಿ" ಅಂತ ಕೂತಾಗ ಒಂದೂ ಹುಟ್ಟಲಿಲ್ಲ.

ಇದು ಬಸ್ಸಿನ ಮಹಿಮೆ ಅಲ್ಲ. ಕೈಗೆ ಕೆಲಸ ಇಲ್ಲದೆ, ಕಣ್ಣಿಗೆ ಬಯಲು ಇದ್ದಾಗ ಮನಸ್ಸು ತನ್ನಷ್ಟಕ್ಕೆ ಮಾಡೋ ಒಂದು ಕೆಲಸ ಇದೆ. ಅದನ್ನ ನಾವು ಹಗಲುಗನಸು ಅಂತ ಕರೆದು ಬೈತೀವಿ. ಸರಿಯಾಗಿ ಬಳಸಿಕೊಂಡರೆ ಬರೆಯೋರಿಗೆ ಅದಕ್ಕಿಂತ ದೊಡ್ಡ ಬಂಡವಾಳ ಇಲ್ಲ ಅನ್ನೋದು ನನ್ನ ಅನುಭವ.

ಒದ್ದೆ ಬಟ್ಟೆ ಆರೋ ತನಕ

ನಮ್ಮ ಗದಗ ಜಿಲ್ಲೆಯವರಿಗೆ ಈ ಮಾತು ಹೊಸದಲ್ಲ. ಗದಗಿನ ವೀರನಾರಾಯಣ ಗುಡಿಗೆ ಹೋದರೆ ಒಂದು ಕಂಬ ತೋರಿಸಿ "ಇದು ಕುಮಾರವ್ಯಾಸನ ಕಂಬ" ಅಂತಾರೆ. ಕೋಳಿವಾಡದ ನಾರಣಪ್ಪ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಬಂದು ಆ ಕಂಬಕ್ಕೆ ಒರಗಿ ಕೂತು ಭಾರತ ಬರೆಯುತ್ತಿದ್ದನಂತೆ. ಮೈಮೇಲಿನ ಬಟ್ಟೆ ಹಸಿ ಇರೋ ತನಕ ಪದ್ಯ ಹರಿಯುತ್ತಿತ್ತಂತೆ, ಆರಿದ ಕೂಡಲೇ ನಿಲ್ಲುತ್ತಿತ್ತಂತೆ.

ಸಣ್ಣವನಿದ್ದಾಗ ಇದನ್ನ ಪವಾಡದ ಕಥೆ ಅಂತ ಕೇಳಿದ್ದೆ. ಈಗ ಕೇಳಿದರೆ ಇದರೊಳಗೆ ಬರವಣಿಗೆಯ ಒಂದು ಗುಟ್ಟು ಇದೆ ಅನಿಸುತ್ತೆ. ಬರೆಯೋಕೆ ಒಂದು ಮಿತಿ ಬೇಕು. ಇಷ್ಟು ಹೊತ್ತು, ಇಷ್ಟೇ ಹೊತ್ತು, ಆಮೇಲೆ ಎದ್ದು ಹೋಗಬೇಕು ಅನ್ನೋ ಮಿತಿ. "ಭಾನುವಾರ ಪೂರ್ತಿ ಖಾಲಿ ಇದೆ, ಬರೀತೀನಿ" ಅಂದುಕೊಂಡ ಭಾನುವಾರಗಳು ನನಗೆ ಒಂದು ಪ್ಯಾರಾ ಕೂಡ ಕೊಟ್ಟಿಲ್ಲ. ಗಜೇಂದ್ರಗಡದಲ್ಲಿ ಹತ್ತಿದ ಬಸ್ಸು ರೋಣ ಮುಟ್ಟೋದರೊಳಗೆ ಅನ್ನೋ ಗಡುವು ಮಾತ್ರ ಕೊಟ್ಟಿದೆ. ನಮಗೆ ಒದ್ದೆ ಬಟ್ಟೆ ಇಲ್ಲ. ಕಂಡಕ್ಟರ್ ಕೈಯ ಟಿಕೆಟ್ ಇದೆ. ಇಳಿಯೋ ಊರಿನ ಹೆಸರು ಅದರಲ್ಲೇ ಬರೆದಿರುತ್ತೆ.

ಕೈ ಕೆಲಸದಲ್ಲಿ, ಮನಸ್ಸು ಊರ ಹೊರಗೆ

ಮನಸ್ಸನ್ನ ಹೀಗೆ ಬಿಟ್ಟು ಕಟ್ಟೋ ವಿದ್ಯೆ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಅವರಿಗೆ ಬಸ್ ಬೇಕಾಗಿರಲಿಲ್ಲ.

ಹಂತಿ ಪದ ಅಂತ ಕೇಳಿರಬಹುದು. ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ಕಂಬ ನೆಟ್ಟು, ಸುತ್ತ ತೆನೆ ಹರವಿ, ಎತ್ತುಗಳನ್ನ ಸುತ್ತು ಹೊಡೆಯುತ್ತಾ ರಾತ್ರಿಯೆಲ್ಲ ಹಾಡೋ ಹಾಡು. ಅದೇ ಸುತ್ತು, ಅದೇ ಎತ್ತು, ಅದೇ ಕಣ. ಕಣ್ಣಿಗೆ ಹೊಸದು ಏನೂ ಇಲ್ಲ. ಆದರೆ ಬಾಯಲ್ಲಿ ದೇವರ ಕಥೆ, ರಾಜರ ಕಥೆ, ಅಣ್ಣತಮ್ಮಂದಿರ ಕಥೆ. ಬೀಸೋ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಕಟ್ಟಿದ ತ್ರಿಪದಿಗಳೂ ಅಷ್ಟೇ. ಕೈ ಕಲ್ಲು ತಿರುವುತ್ತಿದ್ದರೆ ಮನಸ್ಸು ತವರುಮನೆಗೆ ಹೋಗಿ ಬರುತ್ತಿತ್ತು. ಒಕ್ಕಲು ಯಂತ್ರ ಬಂತು, ಗಿರಣಿ ಬಂತು, ದುಡಿಮೆಯ ಭಾರ ಇಳಿಯಿತು. ಅದು ಒಳ್ಳೆಯದೇ. ಜೊತೆಗೆ ಆ ಹಾಡು ಹುಟ್ಟೋ ಹೊತ್ತೂ ಹೋಯಿತು.

ನಮ್ಮ ಮನೆಯಲ್ಲಿ ಆ ಹೊತ್ತು ಇದ್ದದ್ದು ಮಗ್ಗದಲ್ಲಿ. ಗಜೇಂದ್ರಗಡ ನೇಕಾರರ ಊರು. ಇಲ್ಲಿಯ ಪಟ್ಟೇದ ಅಂಚಿನ ಸೀರೆಗೆ ಹಳೆಯ ಹೆಸರು. ಅಪ್ಪ ಮೂವತ್ತು ವರ್ಷಕ್ಕೂ ಹೆಚ್ಚು ಕೈಮಗ್ಗದಲ್ಲಿ ನೇಯ್ದವರು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ಊಟಕ್ಕೇ ಏಳೋದು. ಒಮ್ಮೆ ಕೇಳಿದೆ: "ಅಪ್ಪಾ, ಅಷ್ಟೊತ್ತು ಕುಂತು ಬ್ಯಾಸರ ಆಗತಿದ್ದಿಲ್ಲನು?"

"ಬ್ಯಾಸರ ಯಾಕ ಆಗತೈತಿ? ಕೈ ತನ್ನ ಪಾಡಿಗೆ ಲಾಳಿ ಹೊಡಿತಿರತೈತಿ. ನಾ ಎಲ್ಲೆಲ್ಲೋ ಹೋಗಿ ಬರತಿದ್ದೆ" ಅಂದರು.

ಎಲ್ಲಿಗೆ ಅಂತ ಅವರು ಹೇಳಲಿಲ್ಲ. ಆ ಪ್ರಶ್ನೆ ನನ್ನ ಜೊತೆ ಬಸ್ ಹತ್ತಿತು. ಅದರ ಮಾತು ಆಮೇಲೆ ಹೇಳ್ತೀನಿ.

ಮಿದುಳು ಸುಮ್ಮನೆ ಕೂರೋದಿಲ್ಲ

ಇಂಜಿನಿಯರ್ ಬುದ್ಧಿ ಸುಮ್ಮನಿರಲ್ಲ, ಇದರ ಹಿಂದೆ ಏನಿದೆ ಅಂತ ಓದಿದೆ. ನೀವು ಸುಮ್ಮನೆ ಕೂತಾಗ ಮಿದುಳು ಆಫ್ ಆಗಿರುತ್ತೆ ಅಂತ ಅಂದುಕೊಂಡಿದ್ದರೆ ಅದು ತಪ್ಪು. ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೇಕಲ್ ಮತ್ತು ಜೊತೆಗಾರರು 2001ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹೊರಗಿನ ಕೆಲಸ ಇಲ್ಲದಾಗ ಮಿದುಳಿನ ಕೆಲವು ಭಾಗಗಳು ಇನ್ನಷ್ಟು ಚುರುಕಾಗಿರುತ್ತವೆ ಅನ್ನೋದು ಅದರ ಸಾರ. ಈಗ ಅದಕ್ಕೆ ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಅಂತಾರೆ. ಹಳೆಯದನ್ನ ನೆನೆಯೋದು, ನಾಳೆಯದನ್ನ ಊಹಿಸೋದು, ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸೋದು ಎಲ್ಲ ಇದರ ಜೊತೆ ಹೆಣೆದುಕೊಂಡಿವೆ. ಈ ಮೂರೂ ಕಥೆ ಬರೆಯೋಕೆ ಬೇಕಾದ ಸಾಮಾನು, ನೋಡಿ.

ಹಾಗಂತ ಹಗಲುಗನಸು ಯಾವಾಗಲೂ ಸಿಹಿ ಅಲ್ಲ. 2010ರಲ್ಲಿ ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಅನ್ನೋ ಇಬ್ಬರು ಫೋನ್ ಆ್ಯಪ್ ಮೂಲಕ 2,250 ಜನರನ್ನ ದಿನದ ಬೇರೆ ಬೇರೆ ಹೊತ್ತಿನಲ್ಲಿ ಕೇಳಿದರು: ಈಗ ಏನು ಮಾಡ್ತಿದ್ದೀರಿ, ಮನಸ್ಸು ಎಲ್ಲಿದೆ, ಖುಷಿಯಾಗಿದ್ದೀರಾ? ಹೆಚ್ಚುಕಡಿಮೆ ಶೇ 47ರಷ್ಟು ಸಲ ಮನಸ್ಸು ಮಾಡುತ್ತಿರೋ ಕೆಲಸದಲ್ಲಿ ಇರಲೇ ಇಲ್ಲ. ಹಾಗೆ ಅಲೆಯುವಾಗ ಜನ ಖುಷಿ ಕಡಿಮೆ ಅಂದರು. ನಂಬೋದು ಕಷ್ಟ ಅಲ್ಲ. ಸುಮ್ಮನೆ ಬಿಟ್ಟರೆ ನನ್ನ ಮನಸ್ಸೂ ಇಎಂಐ, ಅಪ್ರೈಸಲ್, ಮ್ಯಾನೇಜರ್ ಕಳಿಸಿದ ಒಂದು ಸಾಲಿನ ಮೆಸೇಜ್ ಸುತ್ತಲೇ ಗಾಣದ ಎತ್ತಿನ ಹಾಗೆ ತಿರುಗುತ್ತೆ.

ಇನ್ನೊಂದು ಪ್ರಯೋಗ 2012ರದು. ಬೆಂಜಮಿನ್ ಬೇರ್ಡ್ ಮತ್ತು ಸಂಗಡಿಗರು ಜನರಿಗೆ ಒಂದು ಸೃಜನಶೀಲ ಲೆಕ್ಕ ಕೊಟ್ಟರು. ದಿನಬಳಕೆಯ ವಸ್ತುವೊಂದನ್ನ ಇನ್ನು ಯಾವ್ಯಾವ ರೀತಿ ಬಳಸಬಹುದು ಅನ್ನೋ ತರಹದ್ದು. ನಡುವೆ ಬಿಡುವು. ಬಿಡುವಿನಲ್ಲಿ ಕೆಲವರಿಗೆ ತಲೆ ತಿನ್ನೋ ಕೆಲಸ, ಕೆಲವರಿಗೆ ಹಗುರ ಕೆಲಸ, ಕೆಲವರಿಗೆ ಬರೀ ವಿಶ್ರಾಂತಿ. ಆಮೇಲೆ ಹೆಚ್ಚು ಸುಧಾರಿಸಿದವರು ಹಗುರ ಕೆಲಸದವರು. ಅವರೂ ಸುಧಾರಿಸಿದ್ದು ಬಿಡುವಿಗೆ ಮುಂಚೆ ನೋಡಿದ್ದ ಪ್ರಶ್ನೆಗಳಲ್ಲಿ ಮಾತ್ರ. ಹೊಸ ಪ್ರಶ್ನೆಗಳಲ್ಲಿ ಏನೂ ಲಾಭ ಆಗಲಿಲ್ಲ. ನಂತರ ಬೇರೆಯವರು ಮಾಡಿದ ಕೆಲವು ಪ್ರಯೋಗಗಳಲ್ಲಿ ಇದೇ ಫಲಿತಾಂಶ ಬಂದಿಲ್ಲ, ಹಾಗಾಗಿ ಇದನ್ನ ಕೊನೆಯ ಮಾತು ಅನ್ನಬೇಡಿ. ಆದರೆ ನನಗೆ ಬೇಕಾದ ಸುಳಿವು ಇದರಲ್ಲಿ ಸಿಕ್ಕಿತು.

ನಮ್ಮ ಎರಿ ಹೊಲದ ಭಾಷೆಯಲ್ಲಿ ಹೇಳೋದಾದರೆ ಹದ ಎಷ್ಟೇ ಚೆನ್ನಾಗಿದ್ದರೂ ಬಿತ್ತಿದ್ದೇ ಬೆಳೆಯೋದು. ಏನೂ ಬಿತ್ತದೆ ಬಿಟ್ಟರೆ ಕಸ ಬೆಳೆಯುತ್ತೆ. ಖಾಲಿ ತಲೆಯಲ್ಲಿ ಬಸ್ ಹತ್ತಿದರೆ ಇಎಂಐ. ಒಂದು ಪ್ರಶ್ನೆ ಬಿತ್ತಿಕೊಂಡು ಹತ್ತಿದರೆ ಕಥೆ.

ನನ್ನ ಪದ್ಧತಿ, ಬೇಕಾದರೆ ತಗೊಳ್ಳಿ

ಬಸ್ ಹತ್ತೋ ಮುಂಚೆ ಒಂದೇ ಒಂದು ಪ್ರಶ್ನೆ ಆರಿಸಿಕೊಳ್ತೀನಿ. "ಏನಾದರೂ ಕಥೆ ಹೊಳೆಯಲಿ" ಅನ್ನೋದು ಪ್ರಶ್ನೆ ಅಲ್ಲ. "ಮೂವತ್ತು ವರ್ಷ ಆದಮೇಲೆ ಊರಿಗೆ ಬಂದವನು ಮೊದಲು ಯಾರ ಮನೆ ಬಾಗಿಲು ಬಡಿತಾನೆ?" ಇದು ಪ್ರಶ್ನೆ. ಮನುಷ್ಯ, ಜಾಗ, ಒಂದು ಅನುಮಾನ, ಇಷ್ಟು ಅದರಲ್ಲಿ ಇರಬೇಕು.

ಗಜೇಂದ್ರಗಡದಿಂದ ರೋಣದ ತನಕ ಫೋನ್ ಬ್ಯಾಗಿನೊಳಗೆ. ಹಾಡೂ ಇಲ್ಲ, ಪಾಡ್‌ಕಾಸ್ಟೂ ಇಲ್ಲ. ಕಿಟಕಿ ಒಂದೇ. ಊರು ದಾಟಿದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿಯುತ್ತವೆ. ಆಮೇಲೆ ಬರೀ ಬಯಲು. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ, ಅಲ್ಲಲ್ಲಿ ಕುಸುಬಿಯ ಹಳದಿ ಹೂವು. ಕಣ್ಣಿಗೆ ಹಗುರ ಕೆಲಸ ಅಂದರೆ ಇದು. ಮೊದಲ ಹತ್ತು ನಿಮಿಷ ಆಫೀಸೇ ತಲೆಯಲ್ಲಿ ಇರುತ್ತೆ, ಅದರ ಜೊತೆ ಜಗಳ ಆಡಲ್ಲ. ಬ್ಯಾಕ್‌ಗ್ರೌಂಡಿನಲ್ಲಿ ಓಡುತ್ತಿರೋ ಆ್ಯಪ್‌ಗಳು ಒಂದೊಂದಾಗಿ ಬಂದ್ ಆಗಲಿ ಅಂತ ಬಿಡ್ತೀನಿ. ಆಮೇಲೆ ಪ್ರಶ್ನೆಯನ್ನ ಒಂದು ಸಲ ಮನಸ್ಸಿನಲ್ಲೇ ಅಂದುಕೊಂಡು ಕೈಬಿಡ್ತೀನಿ.

ರೋಣದ ಬಸ್ ಸ್ಟ್ಯಾಂಡಿನಲ್ಲಿ ಚಹಾ. ಚಹಾ ಮುಗಿಯೋದರೊಳಗೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು. ಮೂರಕ್ಕಿಂತ ಹೆಚ್ಚು ಬೇಡ. ಕಂಡದ್ದು, ಕೇಳಿದ್ದು, ಆ ಪ್ರಶ್ನೆಗೆ ಹೊಳೆದದ್ದು. ರೋಣದಿಂದ ನರಗುಂದದ ತನಕ ಅದೇ ಮೂರು ಸಾಲು ತಲೆಯಲ್ಲಿ ತಿರುಗುತ್ತಿರುತ್ತವೆ. ಸಿಟ್ಟು ಬಂದವರು ಹೇಗೆ ಮಾತಾಡ್ತಾರೆ, ಆ ಮನೆಯಲ್ಲಿ ಸಂಜೆ ಯಾವ ವಾಸನೆ ಬರುತ್ತೆ, ಇಂಥವು ಈ ಎರಡನೇ ಬಸ್ಸಿನಲ್ಲಿ ಬರುತ್ತವೆ. ಮನೆ ಮುಟ್ಟಿ ಕೈಕಾಲು ತೊಳೆದು, ಊಟಕ್ಕೆ ಮುಂಚೆ ಅರ್ಧ ತಾಸು ಬರೀತೀನಿ. ಅಷ್ಟೇ. ಒಂದು ಕಥೆಗೆ ಹೀಗೆ ಎಂಟು ಹತ್ತು ಪ್ರಯಾಣ ಆಗುತ್ತೆ.

ಬಸ್ಸಿನಲ್ಲೇ ಕೂತು ಬರೆಯಬಾರದಾ ಅಂತ ಕೇಳಬಹುದು. ಬರೆದವರು ಇದ್ದಾರೆ. ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೊಲಪ್ ಅಂಚೆ ಇಲಾಖೆಯ ನೌಕರ. ಕೆಲಸದ ಮೇಲೆ ಸದಾ ರೈಲಿನಲ್ಲಿ ತಿರುಗಾಟ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದ, ಹೆಂಡತಿ ಅದನ್ನ ಶುದ್ಧಪ್ರತಿ ಮಾಡುತ್ತಿದ್ದಳು. 1857ರಲ್ಲಿ ಬಂದ ‘ಬಾರ್ಚೆಸ್ಟರ್ ಟವರ್ಸ್’ನ ಬಹುಪಾಲು ಹೀಗೆ ರೈಲು ಡಬ್ಬಿಯಲ್ಲೇ ಬರೆದದ್ದು. ಕೆಲಸ ಬಿಡದೆಯೇ ಬರೆಯಬಹುದು ಅನ್ನೋದಕ್ಕೆ ನಮ್ಮಂಥ ಸಂಬಳದವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಆದರೆ ನಮ್ಮ ರಸ್ತೆಯಲ್ಲಿ ಪೆನ್ಸಿಲ್ ಹಿಡಿದರೆ ಅಕ್ಷರ ಇಸಿಜಿ ರಿಪೋರ್ಟ್ ಆಗುತ್ತೆ.

ಅದಕ್ಕೇ ನನಗೆ ಜೆ.ಕೆ. ರೋಲಿಂಗ್ ದಾರಿ ಹಿಡಿಸುತ್ತೆ. 1990ರಲ್ಲಿ ಮ್ಯಾಂಚೆಸ್ಟರಿನಿಂದ ಲಂಡನ್ನಿಗೆ ಹೊರಟ ರೈಲು ತಾಸುಗಟ್ಟಲೆ ತಡವಾಯ್ತು. ಹ್ಯಾರಿ ಪಾಟರ್ ಅನ್ನೋ ಹುಡುಗ ಆಕೆಯ ತಲೆಗೆ ಬಂದದ್ದು ಆಗಲೇ. ಬರೆಯೋ ಪೆನ್ ಇರಲಿಲ್ಲ, ಪಕ್ಕದವರನ್ನ ಕೇಳೋಕೆ ಸಂಕೋಚ. ಸುಮ್ಮನೆ ಕೂತು ಯೋಚಿಸಿದಳು. ಪೆನ್ ಇಲ್ಲದ್ದೇ ಒಳ್ಳೆಯದಾಯ್ತು ಅಂತ ಆಮೇಲೆ ಆಕೆಯೇ ಹೇಳಿಕೊಂಡಿದ್ದಾಳೆ.

ಕಿಟಕಿಯಾಚೆ ಖಾಲಿ ಇಲ್ಲ

"ನಮ್ಮ ಕಡೆ ನೋಡೋಕೆ ಏನಿದೆ, ಬರೀ ಕರಿಮಣ್ಣು" ಅಂತ ನಮ್ಮವರೇ ಅಂತಾರೆ. ಸ್ವಲ್ಪ ಗೊತ್ತಿದ್ದರೆ ಅದೇ ಬಯಲು ತುಂಬಿಕೊಳ್ಳುತ್ತೆ.

ನರಗುಂದ ಹತ್ತಿರ ಬಂದಂತೆ ದೂರದಿಂದಲೇ ಗುಡ್ಡ ಕಾಣುತ್ತೆ. 1858ರಲ್ಲಿ ನರಗುಂದದ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಎದ್ದರು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಬೀಡುಬಿಟ್ಟಿದ್ದಾಗ ಕೊಲೆಯಾದ. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು, ಬಾಬಾಸಾಹೇಬರನ್ನ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಪಾಠದ ಪುಸ್ತಕದಲ್ಲಿ ಇಷ್ಟೇ ಇರುತ್ತೆ. ಬಸ್ಸಿನ ಕಿಟಕಿ ಮುಂದಿನ ಪ್ರಶ್ನೆ ಕೇಳುತ್ತೆ. ಸಂತೆಗೆ ಮೊಸರು ತಂದ ಹೆಣ್ಣುಮಗಳಿಗೆ ಆ ದಿನ ವ್ಯಾಪಾರ ಆಯ್ತಾ? ಕುದುರೆ ಸಪ್ಪಳ ಕೇಳಿ ಸುರೇಬಾನದಲ್ಲಿ ಯಾರು ಬಾಗಿಲು ತೆರೆದರು, ಯಾರು ಅಗುಳಿ ಹಾಕಿದರು? ಇತಿಹಾಸ ಅವರನ್ನ ಬರೆದಿಟ್ಟಿಲ್ಲ. ಕಥೆ ಅವರನ್ನ ಹುಟ್ಟಿಸಬಹುದು. ಇದೇ ನರಗುಂದ 1980ರ ಜುಲೈನಲ್ಲಿ ರೈತ ಬಂಡಾಯ ಕಂಡ ಊರು. ನೀರಿಲ್ಲದ ಕಾಲುವೆ, ನೀರಿನ ಕರ, ಗೋಲಿಬಾರ್. ಆ ದಿನ ಕಂಡವರು ಇನ್ನೂ ಬಸ್ಸಿನಲ್ಲಿ ನಮ್ಮ ಪಕ್ಕ ಕೂತಿರ್ತಾರೆ.

ಪಕ್ಕದವರ ಮಾತೂ ಕಿಟಕಿಯೇ. ಶಕ್ತಿ ಯೋಜನೆ 2023ರ ಜೂನಿನಲ್ಲಿ ಬಂದಮೇಲೆ ನಮ್ಮ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಮಾತು ಜೋರಾಗಿದೆ. ಹಾಗಾಗಿ ನಾನು ಹೇಳ್ತಿರೋ ‘ಶಾಂತ ಪ್ರಯಾಣ’ ಅಂದರೆ ಸದ್ದಿಲ್ಲದ ಪ್ರಯಾಣ ಅಲ್ಲ. ನನ್ನಿಂದ ಯಾರೂ ಏನೂ ಕೇಳದ ಪ್ರಯಾಣ. ಒಮ್ಮೆ ಹಿಂದಿನ ಸೀಟಿನ ಅಜ್ಜಿಯೊಬ್ಬಳು ಗೆಳತಿಗೆ ಹೇಳಿದಳು: "ಮಗಾ ಫೋನ್ ಹಚ್ಚತಾನ, ಮಾತಾಡಂಗಿಲ್ಲ. ಬರೇ ಉಂಡ್ಯಾ ಅಂತಾನ. ಉಂಡೇನಿ ಅಂತೀನಿ. ಇಟ್ಟಬಿಡತಾನ." ಇಡೀ ಒಂದು ಕಥೆ ನಾಲ್ಕು ವಾಕ್ಯದಲ್ಲಿತ್ತು. ಅಂಥದ್ದು ಸಿಕ್ಕಾಗ ನನ್ನದೊಂದು ನಿಯಮ ಇದೆ. ಮಾತಿನ ಧಾಟಿ ತಗೊಳ್ತೀನಿ. ಹೆಸರು, ಊರು, ಮನೆತನ ತಗೊಳ್ಳಲ್ಲ. ರೆಕಾರ್ಡ್ ಅಂತೂ ಮಾಡೋದೇ ಇಲ್ಲ. ಅವರ ಬದುಕು ಅವರದು, ನನಗೆ ಸಿಕ್ಕಿದ್ದು ಕಿಡಿ ಮಾತ್ರ.

ರೋಣದ ಹುಡುಗ, ಕುಂದಗೋಳದ ಗುರು

ಪ್ರಯಾಣ ಮತ್ತು ಕನಸಿನ ಮಾತು ಬಂದರೆ ರೋಣದವರು ಒಬ್ಬರ ಹೆಸರು ಹೇಳದೆ ಬಿಡೋದಿಲ್ಲ. ಪಂಡಿತ ಭೀಮಸೇನ ಜೋಶಿ ಹುಟ್ಟಿದ್ದು ರೋಣದಲ್ಲಿ, 1922ರಲ್ಲಿ. ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಹುಡುಗನಿಗೆ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಗುರುವನ್ನ ಹುಡುಕಿ ಮನೆ ಬಿಟ್ಟರು. ರೈಲಿನಲ್ಲಿ ಸಹಪ್ರಯಾಣಿಕರು ಕೊಟ್ಟ ಕಾಸಿನಲ್ಲಿ ಊರಿಂದ ಊರಿಗೆ ಸಾಗಿದರು. ಧಾರವಾಡ, ಪುಣೆ, ಗ್ವಾಲಿಯರ್ ಅಂತ ಉತ್ತರ ಭಾರತವನ್ನೆಲ್ಲ ಸುತ್ತಿದರು. ಕೊನೆಗೆ ತಂದೆ ಜಲಂಧರಿನಲ್ಲಿ ಹುಡುಕಿ ಮನೆಗೆ ಕರೆತಂದರು. 1936ರಲ್ಲಿ ಗುರು ಸಿಕ್ಕಿದ್ದು ಎಲ್ಲಿ? ಇಲ್ಲೇ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಹತ್ತಿರ.

ಮನೆಬಿಟ್ಟು ಹೋಗಿ ಅಂತ ಹೇಳೋಕೆ ಈ ಕಥೆ ಹೇಳಲಿಲ್ಲ. ಆ ಹುಡುಗ ಖಾಲಿ ತಲೆಯಲ್ಲಿ ರೈಲು ಹತ್ತಿರಲಿಲ್ಲ, ಹುಡುಕಾಟ ಒಂದು ಜೊತೆಗಿತ್ತು. ದೇಶ ಸುತ್ತಿ ಬಂದಮೇಲೆ ಬೇಕಾದ್ದು ಹಿತ್ತಲಿನಷ್ಟು ದೂರದಲ್ಲಿ ಸಿಕ್ಕಿತು. ಬರೆಯೋಕೆ ಹೊರಟ ನನಗೂ ಹಾಗೇ ಆಯ್ತು. ಮೊದಮೊದಲು ನನ್ನ ಹಗಲುಗನಸಿನಲ್ಲಿ ಮಂಗಳ ಗ್ರಹ, ಸೀರಿಯಲ್ ಕಿಲ್ಲರ್, ಪ್ಯಾರಿಸ್ಸಿನ ಕೆಫೆ ಎಲ್ಲ ಬರುತ್ತಿದ್ದವು. ನಾನೇನು ಪ್ಯಾರಿಸ್ ಕಂಡವನಾ? ಹೋಗ್ತಾ ಹೋಗ್ತಾ ಕನಸು ತಾನಾಗೇ ಹತ್ತಿರಕ್ಕೆ ಬಂತು.

ಅಪ್ಪ ಎಲ್ಲಿಗೆ ಹೋಗಿ ಬರುತ್ತಿದ್ದರು?

ಈಗ ಆ ಪ್ರಶ್ನೆಗೆ ಬರೋಣ. ಲಾಳಿ ಹೊಡೆಯುತ್ತಾ ಅಪ್ಪ ಎಲ್ಲೆಲ್ಲಿಗೆ ಹೋಗಿ ಬರುತ್ತಿದ್ದರು?

ನಮ್ಮ ಮನೆಯ ಮಗ್ಗ ನಿಂತು ಆರು ವರ್ಷ ಆಯ್ತು. ಅಪ್ಪನ ಸೊಂಟ ಸಹಕರಿಸಲಿಲ್ಲ, ಪವರ್‌ಲೂಮ್ ಸೀರೆಯ ರೇಟಿನ ಮುಂದೆ ಕೈಮಗ್ಗಕ್ಕೆ ಕೂಲಿ ಗಿಟ್ಟಲಿಲ್ಲ. ನಾನು ಇಂಜಿನಿಯರ್ ಆದೆ, ತಂಗಿ ಬಿ.ಇಡಿ. ಮಾಡಿದಳು, ಮಗ್ಗದ ಮೇಲೆ ಅವ್ವ ಹಪ್ಪಳದ ಡಬ್ಬಿ ಇಟ್ಟಳು. ಅದರ ಬಗ್ಗೆ ಯಾರೂ ಅಳಲಿಲ್ಲ. ಓದಿಸಿದ್ದೇ ಮಗ್ಗ ಬಿಡಲಿ ಅಂತ.

ಒಂದು ರವಿವಾರ ಸಂಜೆ ಈ ಪ್ರಶ್ನೆ ಹಿಡಿದು ಬಸ್ ಹತ್ತಿದೆ. ಕಿಟಕಿಯಾಚೆ ಬಿತ್ತನೆ ನಡೆದಿತ್ತು. ಕೂರಿಗೆ ಹಿಂದೆ ನಡೆಯುತ್ತಿದ್ದವನನ್ನ ನೋಡ್ತಾ ನೋಡ್ತಾ ಒಂದೊಂದೇ ಶಬ್ದ ತಲೆಯೊಳಗೆ ಏಳೋಕೆ ಶುರುವಾಯ್ತು. ಲಾಳಿ. ಕಂಡಿಕಿ. ಹಾಸು. ಹೊಕ್ಕು. ಹಣಿಗಿ. ಹತ್ತು ವರ್ಷದಿಂದ ಇವುಗಳಲ್ಲಿ ಒಂದನ್ನೂ ನಾನು ಬಾಯಿಬಿಟ್ಟು ಆಡಿರಲಿಲ್ಲ. ಬೆಂಗಳೂರಿನಲ್ಲಿ ಯಾರ ಹತ್ತಿರ ಆಡಲಿ? ಆದರೆ ಎಲ್ಲೂ ಹೋಗಿರಲಿಲ್ಲ, ಒಳಗೇ ಕೂತಿದ್ದವು. ಹಿಂದೆಯೇ ಅಪ್ಪನ ಕೆಮ್ಮು, ಗಂಜಿಯ ವಾಸನೆ, ಕಂಡಿಕಿ ಸುತ್ತುತ್ತಾ ಅವ್ವ ನಿದ್ದೆ ತೂಗೋದು ಎಲ್ಲ ಬಂದವು.

ಆ ಕಥೆಗೆ ಹನ್ನೊಂದು ಪ್ರಯಾಣ ಹಿಡಿಯಿತು. ಒಬ್ಬ ನೇಕಾರ ಮಗ್ಗದಲ್ಲಿ ಕೂತಲ್ಲೇ ಪ್ರತಿದಿನ ಕಾಶಿಗೆ ಹೊರಡ್ತಾನೆ. ಸೀರೆಯ ಒಂದು ಮೊಳಕ್ಕೆ ಒಂದು ಊರು. ಸೆರಗು ಮುಗಿಯೋ ದಿನ ಗಂಗೆ ಮುಟ್ಟಬೇಕು. ಮುಟ್ಟೋ ಮುಂಚೆ ಸೀರೆ ಮುಗಿದುಬಿಡುತ್ತೆ, ಮರುದಿನ ಹೊಸ ಹಾಸು ಹಾಕಿ ಮತ್ತೆ ಗಜೇಂದ್ರಗಡದಿಂದ ಹೊರಡ್ತಾನೆ.

ಬರೆದದ್ದನ್ನ ಅಪ್ಪನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಸುಮಾರು ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನಾ ಕಾಶಿಗೆ ಹೊಂಟಿದ್ದಿಲ್ಲ" ಅಂದರು.

"ಮತ್ತ ಎಲ್ಲಿಗೆ?"

"ನಿನ್ನ ಕಾಲೇಜಿಗೆ. ಹ್ಯಾಂಗ ಇರಬಹುದು ಅಂತ ದಿನಾ ಕಟ್ಟತಿದ್ದೆ. ಮೆಟ್ಟಿಲ ಎಷ್ಟು, ಕಿಟಕಿ ಎಷ್ಟು, ನೀ ಎಲ್ಲಿ ಕುಂದ್ರತಿ. ನೋಡಾಕ ಬರಾಕ ಆಗಲಿಲ್ಲಲಾ, ಕುಂತಲ್ಲೇ ಕಟ್ಟಿದೆ."

ನಾಲ್ಕು ವರ್ಷ ನಾನು ಓದಿದ ಕಾಲೇಜನ್ನ ಅಪ್ಪ ಒಮ್ಮೆಯೂ ನೋಡಿರಲಿಲ್ಲ. ಮಗ್ಗ ಬಿಟ್ಟು ಬಂದರೆ ಆ ದಿನದ ಕೂಲಿ ಹೋಗುತ್ತಿತ್ತು. ನನ್ನ ಕಥೆಯ ನೇಕಾರನಿಗಿಂತ ಅಪ್ಪನ ಹಗಲುಗನಸು ಎಷ್ಟೋ ದೊಡ್ಡದಿತ್ತು. ನಾನು ಕಥೆ ಕಟ್ಟಿಕೊಂಡು ಹೋಗದೇ ಇದ್ದಿದ್ದರೆ ಅದು ಹೊರಗೆ ಬರುತ್ತಲೇ ಇರಲಿಲ್ಲ. ಸೀದಾ ಕೂರಿಸಿ "ನಿಮ್ಮ ಅನುಭವ ಹೇಳಿ" ಅಂದರೆ "ಏನ್ ಅನುಭವ ತಮ್ಮಾ, ಹೊಟ್ಟಿಪಾಡು" ಅಂತಾರೆ ಅಷ್ಟೇ.

ಈ ಬರವಣಿಗೆಯಿಂದ ನನಗೆ ಆದ ಲಾಭ ಇದು. ಪ್ರಶಸ್ತಿ ಬಂದಿಲ್ಲ, ಪುಸ್ತಕ ಆಗಿಲ್ಲ. ಕೋಡ್ ಬರೆಯೋಕೆ ಈಗ ಎಐ ಬಂದಿದೆ, ಕೇಳಿದರೆ ಕಥೆಯನ್ನೂ ಬರೆದು ಕೊಡುತ್ತೆ. ಅಪ್ಪ ಮಗ್ಗದಲ್ಲಿ ಕೂತು ನನ್ನ ಕಾಲೇಜಿನ ಮೆಟ್ಟಿಲು ಎಣಿಸುತ್ತಿದ್ದರು ಅನ್ನೋದನ್ನ ಅದು ಎಲ್ಲಿಂದ ತರುತ್ತೆ?

ನೀವು ಎಲ್ಲಿದ್ದರೂ

ಎಲ್ಲರಿಗೂ ರೋಣದ ಬಸ್ಸು ಸಿಗಲ್ಲ, ಗೊತ್ತು. ಬೆಂಗಳೂರಿನಲ್ಲಿ ಇರೋರಿಗೆ ಮೆಟ್ರೋ ಇದೆ, ಆಫೀಸ್ ಕ್ಯಾಬ್ ಇದೆ, ಹಬ್ಬಕ್ಕೆ ಊರಿಗೆ ಬರೋ ರಾತ್ರಿ ರೈಲು ಇದೆ. ನಿಮ್ಮ ಸ್ಟೇಷನ್‌ಗೆ ಇಪ್ಪತ್ತೇ ನಿಮಿಷ ಆದರೂ ಸಾಕು, ಪ್ರಶ್ನೆ ಮಾತ್ರ ಮೊದಲೇ ಜೇಬಿನಲ್ಲಿ ಇರಲಿ. ಗಾಡಿ ನೀವೇ ಓಡಿಸುತ್ತಿದ್ದರೆ ಇದು ಬೇಡವೇ ಬೇಡ. ಬೈಕ್ ಮೇಲೆ ಹಗಲುಗನಸು ಕಂಡವರ ಕಥೆಯನ್ನ ಬೇರೆಯವರು ಬರೀಬೇಕಾಗುತ್ತೆ.

ಫೋನ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಈ ಲೇಖನ ನೀವು ಓದ್ತಿರೋದೂ ಫೋನಿನಲ್ಲೇ. ಆದರೆ ಹೋಗೋ ದಾರಿಯಲ್ಲಿ ರೀಲ್ಸ್ ನೋಡಿದರೆ ಬರೋ ದಾರಿಯಲ್ಲಾದರೂ ಕಿಟಕಿ ನೋಡಿ. ಮೊದಲ ಎರಡು ವಾರ ಏನೂ ಹೊಳೆಯಲ್ಲ, ಚಡಪಡಿಕೆ ಆಗುತ್ತೆ, ಕೈ ತಾನಾಗೇ ಜೇಬಿಗೆ ಹೋಗುತ್ತೆ. ಹೋಗಲಿ, ವಾಪಸ್ ತನ್ನಿ. ಇಳಿಯೋ ಮುಂಚೆ ಒಂದು ಸಾಲು ಬರೆದುಕೊಳ್ಳಿ, ಅದು ಚೆನ್ನಾಗಿರಲೇಬೇಕು ಅಂತೇನಿಲ್ಲ. ಒಂದು ತಿಂಗಳಾದ ಮೇಲೆ ಆ ಸಾಲುಗಳನ್ನ ಒಟ್ಟಿಗೆ ಓದಿ. ಅವುಗಳಲ್ಲಿ ಎಲ್ಲೋ ಒಂದು ಕಡೆ ನಿಮ್ಮ ಮನೆಯವರೊಬ್ಬರು ನಿಂತಿರ್ತಾರೆ. ಕಥೆಯನ್ನ ಅವರಿಂದಲೇ ಶುರು ಮಾಡಿ, ಬರೆದಮೇಲೆ ಅವರಿಗೇ ಓದಿ ಹೇಳಿ.

ನನಗಂತೂ ಈ ಶನಿವಾರಕ್ಕೆ ಪ್ರಶ್ನೆ ಸಿಕ್ಕಿದೆ. ಕಂಡಿಕಿ ಸುತ್ತುತ್ತಾ ನಿದ್ದೆ ತೂಗುತ್ತಿದ್ದ ಅವ್ವ ನಿಜಕ್ಕೂ ನಿದ್ದೆಯಲ್ಲೇ ಇದ್ದಳಾ?